ಕರೆಂಟ್ ತೆಗೆದ ಮೇಲೆ

ನಮ್ಮ ಬೀದಿಯಲ್ಲಿ ಅವನಿಗೆ 'ಬ್ಯಾಟರಿ' ಎಂದೇ ಹೆಸರು. ತಂದೆತಾಯಿ ಇಟ್ಟ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ. ಕಾಗದದ ಕಾರ್ಖಾನೆಯ ಬ್ಯಾಟರಿ ಕೋಣೆಯಲ್ಲಿ ಅವನಿಗೆ ಕೆಲಸ. ಮೀಸೆ ಚಿಗುರುವ ವಯಸ್ಸಿನಲ್ಲಿ ಸೇರಿದವನು ಕಾರ್ಖಾನೆ ಮುಚ್ಚುವವರೆಗೂ ಆ ಕೋಣೆ ಬಿಟ್ಟು ಕದಲಲಿಲ್ಲ. ಅವನ ಪ್ಯಾಂಟು ನೋಡಿದರೆ ಸಾಕು, ಏನು ಕೆಲಸ ಎಂದು ತಿಳಿಯುತ್ತಿತ್ತು. ಮೊಣಕಾಲಿನ ಸುತ್ತ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು. ಆಸಿಡ್ಡಿನ ಹನಿ ಬಿದ್ದಾಗ ಬಟ್ಟೆಗೆ ಏನೂ ಆದಂತೆ ಕಾಣುವುದಿಲ್ಲ, ಒಗೆಯುವಾಗ ಆ ಜಾಗ ಕೈಯಲ್ಲೇ ಕರಗಿಹೋಗುತ್ತದೆ. "ನಮ್ಮನೆಯವರ ಬಟ್ಟೆ ಒಗೆಯೋದಲ್ಲ, ಅದರಲ್ಲಿ ನೀರು ಸೋಸೋದು" ಎಂದು ಅವನ ಹೆಂಡತಿ ನಲ್ಲಿಯ ಹತ್ತಿರ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು.

ನಾನು ಅದೇ ಕಾರ್ಖಾನೆಯಲ್ಲಿ ಕಾಗದದ ಸುರುಳಿ ಕಟ್ಟುವ ವಿಭಾಗದಲ್ಲಿದ್ದೆ. ನಮ್ಮ ಮನೆ ಅವನ ಮನೆಯ ಎದುರಿಗೆ. ಹೀಗಾಗಿ ಕೆಲವನ್ನು ಕಣ್ಣಾರೆ ಕಂಡೆ, ಮಿಕ್ಕದ್ದನ್ನು ಅವನ ಹೆಂಡತಿ ನಮ್ಮ ಮನೆಯವಳ ಹತ್ತಿರ ಹೇಳಿಕೊಂಡಳು.

ಅವನ ಕೋಣೆಗೆ ನಾನು ಒಂದೆರಡು ಸಲ ಹೋಗಿದ್ದೇನೆ. ಹೊರಗಿನದು ದೊಡ್ಡ ಕೋಣೆ. ಒಂದು ಗೋಡೆಯ ಉದ್ದಕ್ಕೂ ಊರಿನ ಲೈನಿನಿಂದ ಬರುವ ಎ.ಸಿ. ಕರೆಂಟಿನ ಪ್ಯಾನೆಲ್ಲುಗಳು, ಎದುರು ಗೋಡೆಗೆ ಚಾರ್ಜರು ಮತ್ತು ಡಿ.ಸಿ. ಪ್ಯಾನೆಲ್ಲು. ಅದರಾಚೆ ಯಾವಾಗಲೂ ಬಾಗಿಲು ಹಾಕಿರುತ್ತಿದ್ದ ಒಳಕೋಣೆ. ಅಲ್ಲಿ ಮರದ ಸ್ಟ್ಯಾಂಡುಗಳ ಮೇಲೆ ಬ್ಯಾಟರಿ ಸೆಲ್ಲುಗಳ ಸಾಲು, ಒಂದರ ಕೈ ಇನ್ನೊಂದು ಹಿಡಿದುಕೊಂಡು ನಿಂತ ಮಕ್ಕಳ ಹಾಗೆ. ಗಂಟಲಿಗೆ ಹತ್ತುವ ಹುಳಿ ವಾಸನೆ. ಮೇಲೆ ಸದಾ ತಿರುಗುವ ಫ್ಯಾನು.

ಕಾರ್ಖಾನೆಯ ಯಂತ್ರಗಳೆಲ್ಲ ಓಡುತ್ತಿದ್ದುದು ಎ.ಸಿ.ಯಲ್ಲಿ. ಲೈನ್ ಹೋದ ಕ್ಷಣದಲ್ಲೂ ಏನೇನು ನಿಲ್ಲಬಾರದೋ ಅದೆಲ್ಲ ಡಿ.ಸಿ.ಯ ಪಾಲಿಗೆ. ಅಪಾಯ ಬಂದರೆ ದೊಡ್ಡ ಸ್ವಿಚ್ಚುಗಳನ್ನು ಬೀಳಿಸುವ ಸರ್ಕೀಟು, ಓಡುತ್ತಿರುವ ರೋಲರು ತಾನಾಗಿ ನಿಲ್ಲುವ ತನಕ ಬೇರಿಂಗಿಗೆ ಎಣ್ಣೆ ಉಣಿಸುವ ಪಂಪು, ಮೆಟ್ಟಿಲಿನ ದೀಪಗಳು, ಬೆಂಕಿಯ ಗಂಟೆ, ಚಿಮಣಿಯ ತುದಿಯ ಕೆಂಪು ದೀಪ. ಲೈನ್ ಇರುವಾಗ ಚಾರ್ಜರು ಎ.ಸಿ.ಯನ್ನು ಡಿ.ಸಿ. ಮಾಡಿ ಬ್ಯಾಟರಿಗೆ ತುಂಬುತ್ತದೆ, ಲೈನ್ ಹೋದಾಗ ಬ್ಯಾಟರಿ ಅದನ್ನು ಬಿಟ್ಟುಕೊಡುತ್ತದೆ. ಎರಡರ ನಡುವೆ ಕಣ್ಣು ಮಿಟುಕಿಸುವಷ್ಟೂ ಬಿಡುವು ಇರಬಾರದು. "ನನ್ನ ಕೆಲಸ ಸರಿಯಾಗಿ ನಡೀತಾ ಇದೆ ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಗೊತ್ತಾಯ್ತು ಅಂದ್ರೆ ನಾನು ಕೆಟ್ಟೆ ಅಂತ" ಎನ್ನುತ್ತಿದ್ದ ಬ್ಯಾಟರಿ. ಸಂಬಳದ ಹೊತ್ತಿನಲ್ಲಿ ಮೇಲಿನವರಿಗೆ ಅವನ ನೆನಪಾಗದಿದ್ದುದೂ ಈ ಕಾರಣಕ್ಕೇ ಇರಬೇಕು.

ಅವನಿಗೆ ಒಬ್ಬನೇ ಗೆಳೆಯ. ಮೆಷಿನ್ ಶಾಪಿನ ಲೇತಿನಲ್ಲಿ ಕಬ್ಬಿಣ ಕಡೆಯುವವನು, ಎಲ್ಲರೂ ಕರೆಯುತ್ತಿದ್ದುದು ಟರ್ನರ್ ಎಂದು. ಬ್ಯಾಟರಿ ಎಷ್ಟು ಮೌನಿಯೋ ಟರ್ನರ್ ಅಷ್ಟು ಮಾತುಗಾರ. ಅವನಿದ್ದ ಕಡೆ ನಗು ಇಲ್ಲದಿದ್ದರೆ ಹುಷಾರಿಲ್ಲ ಎಂದು ಅರ್ಥ. ಬ್ಯಾಟರಿಯ ಮದುವೆಯಾದ ಮೇಲೆ ಅವನ ಹೆಂಡತಿಯ ತಂಗಿಯನ್ನು ಟರ್ನರಿಗೆ ಕೊಡಿಸಿದ್ದು ಬ್ಯಾಟರಿಯೇ. ಅತ್ತೆಮಾವ ಹಿಂದೆಮುಂದೆ ನೋಡಿದಾಗ, "ಇವನ ಜವಾಬ್ದಾರಿ ನಂದು" ಎಂದು ಮಾತು ಕೊಟ್ಟಿದ್ದ. ಅಂದಿನಿಂದ ಗೆಳೆಯರು ಷಡ್ಡಕರಾದರು. ಎರಡು ಮನೆಗಳ ನಡುವೆ ಒಂದೇ ಓಣಿ. ಅಕ್ಕನ ಮನೆಯಲ್ಲಿ ಒಗ್ಗರಣೆ ಹಾಕಿದರೆ ತಂಗಿಯ ಮನೆಯಲ್ಲಿ ಸೀನು ಬರುತ್ತಿತ್ತು.

ಕಾರ್ಖಾನೆ ನಿಂತದ್ದು ಸದ್ದಿಲ್ಲದೆ. ಮೊದಲು ಒಂದು ಪಾಳಿ ಹೋಯಿತು, ಆಮೇಲೆ ಇನ್ನೊಂದು. ಒಂದು ಬೆಳಿಗ್ಗೆ ಗೇಟಿಗೆ ಬೀಗ ಬಿದ್ದಿತ್ತು. ನಮ್ಮಂಥವರನ್ನೆಲ್ಲ ಮನೆಗೆ ಕಳಿಸಿ ಕಾವಲುಗಾರರನ್ನೂ ಬ್ಯಾಟರಿಯನ್ನೂ ಉಳಿಸಿಕೊಂಡರು. ನೆಲಮಾಳಿಗೆಯಲ್ಲಿ ನೀರು ನಿಲ್ಲದ ಹಾಗೆ ಪಂಪು ಓಡಬೇಕು, ಬೆಂಕಿಯ ಗಂಟೆ ಜೀವಂತ ಇರಬೇಕು, ಚಿಮಣಿಯ ದೀಪ ಆರಬಾರದು. ಇದಕ್ಕೊಬ್ಬ ಮನುಷ್ಯ ಬೇಕಿತ್ತು.

ನಿಂತುಹೋದ ಕಾರ್ಖಾನೆಯೊಳಗೆ ದಿನವೂ ಹೋಗಿ ಬರುತ್ತಿದ್ದ ಒಬ್ಬನೇ ಒಬ್ಬ ನಮ್ಮವನು ಎಂದರೆ ಅವನು. ಹೀಗಾಗಿ ಇಡೀ ಬೀದಿಯ ಕಣ್ಣು ಅವನ ಮೇಲೆ. ಸೈಕಲ್ಲು ಇಳಿಯುವುದಕ್ಕೆ ಮೊದಲೇ ಯಾರಾದರೂ ಕೇಳುತ್ತಿದ್ದರು, "ಏನಂತೆ ಒಳಗೆ?"

"ಏನೂ ಇಲ್ಲ. ಬ್ಯಾಟರಿ ಚಾರ್ಜಲ್ಲೇ ಇಡು ಅಂದಿದಾರೆ."

ಅವನು ಹೇಳಿದ್ದು ಅಷ್ಟೇ. ನಮಗೆ ಬೇಕಾದ್ದು ಅದರಲ್ಲಿತ್ತು. ಚಾರ್ಜಲ್ಲಿ ಇಟ್ಟಿದ್ದಾರೆ ಎಂದರೆ ಮತ್ತೆ ಶುರು ಮಾಡುತ್ತಾರೆ ಎಂದಾಯಿತು. ಸಂಜೆ ಕೆಂಪು ದೀಪ ಹೊತ್ತಿಕೊಂಡಾಗ ಜನ ಬಾಗಿಲಿಗೆ ಬಂದು ನೋಡಿ ಒಳಗೆ ಹೋಗುತ್ತಿದ್ದರು. ನಾನೂ ನೋಡುತ್ತಿದ್ದೆ.

ಆ ದಿನಗಳಲ್ಲೇ ಟರ್ನರಿಗೆ ದೂರದ ಊರಿನಿಂದ ಒಂದು ಕರೆ ಬಂತು. ಹಳೆಯ ಫೋರ್‌ಮನ್ನು ಒಂದು ವರ್ಕ್‌ಶಾಪಿಗೆ ಸೇರಿದ್ದರು, ನೀನೂ ಬಾ ಎಂದರು. ಅವತ್ತು ಷಡ್ಡಕರಿಬ್ಬರೂ ಬ್ಯಾಟರಿಯ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ನಾನು ನನ್ನ ಬಾಗಿಲಲ್ಲಿ ಕುರ್ಚಿಯ ಕಾಲು ಸರಿಮಾಡುತ್ತಿದ್ದೆ.

"ಹೋಗಲಾ?" ಎಂದು ಟರ್ನರ್ ಕೇಳಿದ. "ಮನೆ ಬಿಟ್ಟು ಹೋಗೋಕೆ ನಿನ್ನ ನಾದಿನಿಗೆ ಇಷ್ಟ ಇಲ್ಲ. ಅವಳ ಅಮ್ಮನಿಗೂ ಹುಷಾರಿಲ್ಲ."

ಬ್ಯಾಟರಿ ಚಿಮಣಿಯ ಕಡೆ ನೋಡಿದ. "ನಂಗೆ ಏನು ಗೊತ್ತು? ಆದ್ರೆ ನೋಡು, ಹೋದ ವಾರ ಚಾರ್ಜರಿಗೆ ಹೊಸ ಕಾರ್ಡ್ ತರಿಸಿಕೊಟ್ರು. ಮುಚ್ಚೋ ಕಾರ್ಖಾನೆಗೆ ಯಾರಾದ್ರೂ ಹೊಸ ಸಾಮಾನು ಹಾಕ್ತಾರಾ?"

"ಅಂದ್ರೆ ತೆಗೀತಾರೆ ಅಂತೀಯಾ?"

"ತೆಗೀಬಹುದು ಅಂತ ಕಾಣುತ್ತೆ."

"ನಿನ್ನ ಬಾಯಲ್ಲಿ 'ಅಂತ ಕಾಣುತ್ತೆ' ಬಂತು ಅಂದ್ರೆ ಬೇರೆಯವರು ಆಣೆ ಹಾಕಿದ ಹಾಗೆ" ಎಂದು ಟರ್ನರ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಫೋರ್‌ಮನ್ನಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟ. ಆ ಜಾಗ ಬೇರೆ ಯಾರಿಗೋ ಹೋಯಿತು.

ಬ್ಯಾಟರಿ ಸುಳ್ಳು ಹೇಳಲಿಲ್ಲ. ತಾನು ನಂಬಿದ್ದನ್ನೇ ಹೇಳಿದ. ಅದಾದ ಮೇಲೆ ಬೇರೆ ಬೇರೆ ಜನ ಕಾರುಗಳಲ್ಲಿ ಬಂದು ಯಂತ್ರಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗತೊಡಗಿದರು. ಅದನ್ನು ನೋಡಿ ಅವನಿಗೆ ಊಟ ಸೇರದಾಯಿತು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಟರ್ನರ್ ಕೇಳಿದಾಗ, "ಒಂದೆರಡು ಹಳೇ ಮೆಷಿನ್ ಮಾರ್ತಾರೇನೋ" ಎಂದು ತೇಲಿಸಿದ. ಸಾಣೆಕಲ್ಲಿನಿಂದ ಹಿಡಿದು ಟರ್ನರನ ಲೇತಿನ ತನಕ ಎಲ್ಲಕ್ಕೂ ಬಿಳಿ ಗುರುತು ಬಿದ್ದಿತ್ತು ಎಂದು ಅವನು ಹೆಂಡತಿಗೆ ಹೇಳಿದ್ದು ಎಷ್ಟೋ ಕಾಲದ ನಂತರ.

ಕೊನೆಗೆ ವಿದ್ಯುತ್ ಕಂಪನಿಯವರು ಬಂದು ಕಾರ್ಖಾನೆಗೆ ಬರುತ್ತಿದ್ದ ಲೈನನ್ನು ಕಂಬದಲ್ಲೇ ಬಿಚ್ಚಿದರು. ಒಳಗೆ ಉಳಿದಿದ್ದ ಒಬ್ಬ ಮ್ಯಾನೇಜರು ಬ್ಯಾಟರಿಯನ್ನು ಕರೆದು, ಇನ್ನು ಏನೂ ಉರಿಯುವುದು ಬೇಡ ಎಂದರು. ಮ್ಯಾನೇಜರು ಕೆಟ್ಟವರಲ್ಲ. ಅವರ ಮೇಜೂ ಹರಾಜಿಗೆ ಹೋಗಿ, ಕಿಟಕಿಯ ಕಟ್ಟೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಬ್ಯಾಟರಿ ಡಿ.ಸಿ. ಪ್ಯಾನೆಲ್ಲಿನ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸಿದ. ಚಿಮಣಿಯ ದೀಪದ್ದನ್ನು ಕೊನೆಗೆ ಇಳಿಸಿದ. ಬೀಗದ ಕೈ ಕೊಡುವಾಗ ಹೇಳಿದ, "ಸಾರ್, ಒಳಗೆ ಬ್ಯಾಟರಿ ತುಂಬಿದೆ. ಅದನ್ನ ಬಿಚ್ಚೋ ಮುಂಚೆ ನನ್ನನ್ನ ಕರೆಸಿ."

"ಕರೆಸ್ತೀನಿ" ಎಂದರು ಮ್ಯಾನೇಜರು. ಕರೆಸುವ ಮನಸ್ಸೂ ಅವರಿಗೆ ಇತ್ತೇನೋ. ಅಷ್ಟರಲ್ಲಿ ಅವರನ್ನೇ ತೆಗೆದುಹಾಕಿದರು. ಹೋಗುವಾಗ ಆ ಮಾತನ್ನು ಯಾರ ಕಿವಿಗೆ ಹಾಕಿ ಹೋಗಬೇಕಿತ್ತು ಎಂಬುದೂ ಅವರಿಗೆ ತಿಳಿದಿರಲಿಕ್ಕಿಲ್ಲ.

ಆ ಸಂಜೆ ನಾವೆಲ್ಲ ಬಾಗಿಲಲ್ಲಿ ನಿಂತು ಚಿಮಣಿಯ ಕಡೆ ನೋಡಿದೆವು. ಆಕಾಶ ಕಪ್ಪಾಯಿತು, ಚಿಮಣಿ ಅದರಲ್ಲಿ ಕರಗಿತು, ದೀಪ ಬರಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋದೆವು. ಬ್ಯಾಟರಿ ಷಡ್ಡಕನ ಮನೆಗೆ ಹೋಗಿ ಹೊಸ್ತಿಲಲ್ಲೇ ಕೂತ. ಟರ್ನರ್ ಊಟ ಮಾಡುತ್ತಿದ್ದ.

"ಕರೆಂಟ್ ತೆಗೆದ್ರು" ಎಂದ ಬ್ಯಾಟರಿ. "ಎಲ್ಲಾ ಆಫ್ ಮಾಡಿ ಬಂದೆ. ಮುಗೀತು."

ಟರ್ನರ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಸರಿದು ಜಾಗ ಮಾಡಿ, "ಬಾ, ಊಟ ಮಾಡು" ಎಂದ.

ಮುಂದೆ ಗುಜರಿ ಗುತ್ತಿಗೆದಾರ ಬಂದ. ಕಾರ್ಖಾನೆಯನ್ನು ಬಿಚ್ಚಿ ಕಡಿದು ಸಾಗಿಸಲು ಅವನಿಗೆ ಆಳು ಬೇಕಿತ್ತು. ಒಳಗೆ ದುಡಿದವರೇ ಆದರೆ ಮೂಲೆ ಮೂಲೆ ಗೊತ್ತಿರುತ್ತದೆ ಎಂದು ನಮ್ಮ ಬೀದಿಯಲ್ಲೇ ಹುಡುಕಿದ. ನಾನು ಹೋಗಲಿಲ್ಲ, ಸೊಂಟ ಹಿಡಿದಿತ್ತು ಎಂಬುದು ನೆಪ. ಟರ್ನರ್ ಹೋದ. "ಆ ಮೆಷಿನ್ನಿನ ಶಾಫ್ಟ್ ಕಡೆದು ಕೊಟ್ಟಿದ್ದು ನಾನೇ, ತುಂಡು ಮಾಡೋದೂ ನಾನೇ. ಬಾಣಂತನವೂ ನಂದೇ, ಹೆಣ ಹೊರೋದೂ ನಂದೇ" ಎಂದು ನಗಾಡಿದ. ಆ ನಗುವಿನಲ್ಲಿ ಯಾರೂ ಜೊತೆಗೂಡಲಿಲ್ಲ.

ಷಡ್ಡಕ ಒಳಗೆ ಕೆಲಸ ಮಾಡುತ್ತಿದ್ದಾನೆ ಎಂದು ಬ್ಯಾಟರಿಗೆ ಗೊತ್ತಿತ್ತು. ಬ್ಯಾಟರಿ ಕೋಣೆಯ ವಿಷಯ ಹೇಳಬೇಕು ಎಂದೂ ಅಂದುಕೊಂಡಿದ್ದ. ಆದರೆ ಟರ್ನರ್ ದುಡಿಯುತ್ತಿದ್ದುದು ಕಾಗದದ ಯಂತ್ರದ ಹಾಲಿನಲ್ಲಿ, ಆ ಕೋಣೆಯಿಂದ ಬಹಳ ದೂರ. "ನಮ್ಮದು ಮುಗಿಯೋಕೇ ಇನ್ನೂ ತಿಂಗಳುಗಟ್ಟಲೆ ಬೇಕು" ಎಂದಿದ್ದ. ಆ ಕಡೆ ಹೋಗುವ ಹೊತ್ತಿಗೆ ನನ್ನನ್ನು ಕರೆಸಿಯೇ ಕರೆಸುತ್ತಾರೆ ಎಂದು ಬ್ಯಾಟರಿ ಸುಮ್ಮನಿದ್ದ. ಅದೂ ಅಲ್ಲದೆ, ಕಾರ್ಖಾನೆಯ ಮಾತು ಎತ್ತಿದರೆ ಇಬ್ಬರಿಗೂ ಸಂಕಟವಾಗುತ್ತಿತ್ತು. ಹಾಗಾಗಿ ಬೇರೆ ಏನೇನೋ ಮಾತಾಡಿ ಏಳುತ್ತಿದ್ದರು.

ಒಂದು ಬೆಳಿಗ್ಗೆ ತಾಮ್ರ ಕೊಳ್ಳುವವನ ಲಾರಿ ಬಂದು ನಿಂತಿತು. ಗುತ್ತಿಗೆದಾರ ಯಂತ್ರದ ಕೆಲಸ ಬಿಡಿಸಿ ಇಬ್ಬರು ಮೂವರನ್ನು ಕೇಬಲ್ ಕತ್ತರಿಸಲು ಕಳಿಸಿದ. ಅವರಲ್ಲಿ ಟರ್ನರೂ ಇದ್ದ. ಎಲ್ಲಕ್ಕಿಂತ ದಪ್ಪ ತಾಮ್ರ ಇದ್ದದ್ದು ಸೆಲ್ಲುಗಳ ಒಳಕೋಣೆಯಿಂದ ಡಿ.ಸಿ. ಪ್ಯಾನೆಲ್ಲಿಗೆ ಬರುವ ಜೋಡಿ ಕೇಬಲ್ಲುಗಳಲ್ಲಿ. ಮೇಸ್ತ್ರಿ ಎ.ಸಿ. ಪ್ಯಾನೆಲ್ಲಿಗೆ ಟೆಸ್ಟರ್ ಇಟ್ಟು ನೋಡಿದ, ದೀಪ ಹತ್ತಲಿಲ್ಲ. ಆದರೂ ಕೇಳಿದ, "ಕರೆಂಟ್ ಇಲ್ಲ ತಾನೇ?"

"ಇಲ್ಲ ಇಲ್ಲ" ಎಂದ ಟರ್ನರ್. "ನನ್ನ ಷಡ್ಡಕನೇ ಎಲ್ಲಾ ಆಫ್ ಮಾಡಿ ಬಂದಿದಾನೆ."

ಎರಡೂ ಕೇಬಲ್ಲುಗಳನ್ನು ಜೊತೆಗೆ ಸೇರಿಸಿ ದೊಡ್ಡ ಕತ್ತರಿಯ ಬಾಯಿಗೆ ಕೊಟ್ಟು ಅದುಮಿದ.

ಸ್ವಿಚ್ಚು ಇಳಿಸಿದರೆ ಸ್ವಿಚ್ಚಿನಿಂದ ಮುಂದಕ್ಕೆ ಕರೆಂಟ್ ಇರುವುದಿಲ್ಲ. ಹಿಂದಕ್ಕೆ, ಬ್ಯಾಟರಿಯ ಕಡೆಗೆ, ಇದ್ದೇ ಇರುತ್ತದೆ. ಊರಿನ ಲೈನನ್ನು ಕಂಬದಲ್ಲಿ ಬಿಚ್ಚಬಹುದು. ಬ್ಯಾಟರಿಗೆ ಕಂಬ ಇಲ್ಲ. ತುಂಬಿಟ್ಟದ್ದು ಖಾಲಿಯಾಗುವವರೆಗೆ ಅದು ಅಲ್ಲೇ ಕಾಯುತ್ತಿರುತ್ತದೆ. ಎ.ಸಿ.ಯ ಕಿಡಿಯಾದರೆ ಕೆಲವೊಮ್ಮೆ ತಾನಾಗಿಯೇ ಕಳಚಿಕೊಳ್ಳುವುದುಂಟು, ಡಿ.ಸಿ. ಹಿಡಿದರೆ ಹಿಡಿದದ್ದೇ. ಇವೆಲ್ಲ ನನಗೆ ಬ್ಯಾಟರಿಯೇ ಆಮೇಲೆ ಹೇಳಿದ ಮಾತುಗಳು. ಅವತ್ತು ಆ ಕೋಣೆಯಲ್ಲಿ ಇದ್ದವರು ಹೇಳಿದ್ದು ಇಷ್ಟು: ಕೋಣೆಯೊಳಗೆ ಸೂರ್ಯ ಬಿದ್ದ ಹಾಗಾಯಿತು, ಕತ್ತರಿ ಕರಗಿ ಹರಿಯಿತು, ಟರ್ನರ್ ಕೂಗಲೂ ಇಲ್ಲ.

ಸುದ್ದಿ ಬಂದಾಗ ಬ್ಯಾಟರಿ ಮನೆಯಲ್ಲಿ ಕೊಡಪಾನದ ಸೋರಿಕೆಗೆ ಮೇಣ ಮೆತ್ತುತ್ತಿದ್ದ. ಎದ್ದವನೇ ಓಡಿದ. ಕಾರ್ಖಾನೆ ತಲುಪುವ ಹೊತ್ತಿಗೆ ಟರ್ನರನ್ನು ಆಸ್ಪತ್ರೆಗೆ ಸಾಗಿಸಿದ್ದರು. ಬ್ಯಾಟರಿ ಕೋಣೆಯಲ್ಲಿ ಇನ್ನೂ ಹೊಗೆ. ಕಡಿದ ಕೇಬಲ್ಲಿನ ತುದಿಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ನೇತಾಡುತ್ತಿದ್ದವು. ಸುತ್ತ ಮೇಸ್ತ್ರಿಯೂ ಆಳುಗಳೂ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಅವನು ಎಲ್ಲರನ್ನೂ ಹೊರಗೆ ಕಳಿಸಿ, ರಬ್ಬರ್ ಕೈಗವಸು ಹಾಕಿಕೊಂಡು, ಒಳಕೋಣೆಗೆ ಹೋಗಿ ಸೆಲ್ಲಿನಿಂದ ಸೆಲ್ಲಿಗೆ ಇದ್ದ ಪಟ್ಟಿಗಳನ್ನು ಬಿಚ್ಚುತ್ತಾ ಹೋದ. ಸಾಲು ತುಂಡಾಗುವ ತನಕ ಅಲ್ಲಿಂದ ಹೊರಬರಲಿಲ್ಲ.

ಆಸ್ಪತ್ರೆಗೆ ಹೋದಾಗ ಮಧ್ಯಾಹ್ನ ದಾಟಿತ್ತು. ಅಕ್ಕತಂಗಿಯರಿಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಹೆಂಡತಿ ಅವನ ಕೈಗಳ ಕಡೆ ನೋಡಿದಳು, ಆಸಿಡ್ಡಿನ ವಾಸನೆ ಬರುತ್ತಿತ್ತು.

"ಮೊದಲು ಇಲ್ಲಿಗೆ ಬರಬಾರದಿತ್ತಾ?" ಎಂದಳು.

"ಅಲ್ಲಿ ಇನ್ನೂ ಜನ ಇದ್ರು."

"ಇವರೂ ಜನಾನೇ ಅಲ್ವಾ" ಎಂದಳು ಹೆಂಡತಿ. ತಂಗಿ ತಲೆ ಎತ್ತಲಿಲ್ಲ.

ಟರ್ನರನ ಬಲಗೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಿ ತೆಗೆಯಬೇಕಾಯಿತು. ಎಡಗೈ ಉಳಿಯಿತು, ಬೆರಳುಗಳು ಒಂದಕ್ಕೊಂದು ಅಂಟಿ ಸೆಟೆದುಕೊಂಡವು. ಒಂದು ಕಣ್ಣು ಹೋಯಿತು. ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಟರ್ನರ್ ಮೊದಲು ಕೇಳಿದ್ದು ಬ್ಯಾಟರಿಯನ್ನೇ.

"ನೀನೇ ಅಂದಿದ್ಯಲ್ಲೋ, ಕರೆಂಟ್ ತೆಗೆದ್ರು ಅಂತ."

ಅದರಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ.

"ತೆಗೆದಿದ್ರು. ಅದು ಎ.ಸಿ." ಎಂದ ಬ್ಯಾಟರಿ.

"ಇದು?"

"ಇದು ಡಿ.ಸಿ. ಇದು ಬ್ಯಾಟರಿದು."

"ಅದು ಬೇರೆಯಾ?"

ಬ್ಯಾಟರಿ ಸ್ಟೂಲಿನ ಮೇಲೆ ಕೂತು ಹೇಳಲು ನೋಡಿದ. ಲೈನಿನಿಂದ ಬರುವುದು ಒಂದು, ತುಂಬಿಟ್ಟದ್ದು ಇನ್ನೊಂದು, ಕೋಣೆ ಒಂದೇ ಆದರೂ ದಾರಿ ಬೇರೆ. ಅರ್ಧಕ್ಕೆ ನಿಲ್ಲಿಸಿದ. ಎಷ್ಟೋ ವರ್ಷಗಳಿಂದ ಒಂದೇ ತಟ್ಟೆಯಲ್ಲಿ ಉಂಡವರು, ಒಂದು ದಿನವಾದರೂ ತನ್ನ ಕೋಣೆಯೊಳಗೆ ಏನಿದೆ ಎಂದು ಬ್ಯಾಟರಿ ಗೆಳೆಯನನ್ನು ಕರೆದು ತೋರಿಸಿರಲಿಲ್ಲ. ಟರ್ನರೂ ಕೇಳಿರಲಿಲ್ಲ. ಅವರ ಮಾತು ನಗು ತಮಾಷೆಗಳಲ್ಲಿ ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ.

"ಹೋಗಲಿ ಬಿಡು" ಎಂದ ಟರ್ನರ್. "ನಂಗೆ ತಲೆಗೆ ಹೋಗಲ್ಲ."

ಮನೆಗೆ ಬಂದ ಮೇಲೆ ಮೊದಮೊದಲು ಟರ್ನರ್ ಹಳೆಯ ಹಾಗೆಯೇ ಇರಲು ಪ್ರಯತ್ನಪಟ್ಟ. ನೋಡಲು ಹೋದ ನನಗೆ, "ಕೈ ಕುಲುಕೋಣ ಅಂದ್ರೆ ಕೈ ರಿಪೇರಿಗೆ ಹೋಗಿದೆ" ಎಂದ. ನಗಬೇಕೋ ಬೇಡವೋ ತಿಳಿಯದೆ ನಾನು ಚಹಾ ಲೋಟ ನೋಡುತ್ತಾ ಕೂತೆ. ಕ್ರಮೇಣ ಅದೂ ನಿಂತಿತು. ಕಿಟಕಿಯ ಪಕ್ಕದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಗುಂಡಿ ಹಾಕಿಕೊಳ್ಳಲು ಹೆಂಡತಿ ಬೇಕು, ಪಂಚೆ ಉಡಲು ಹೆಂಡತಿ ಬೇಕು, ನೊಣ ಓಡಿಸಲು ಹೆಂಡತಿ ಬೇಕು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅವಳು ಹೊರಗಿರುವ ಹೊತ್ತಿನಲ್ಲಿ ಅಕ್ಕ ಬಂದು ಉಣಿಸುತ್ತಿದ್ದಳು.

ಸಂಜೆಯ ಊಟ ಬ್ಯಾಟರಿಯದು. ದಿನವೂ ಓಣಿ ದಾಟಿ ಹೋಗಿ, ಕೈ ತೊಳೆದು, ಕಲಸಿ ತುತ್ತು ಮಾಡಿ ಷಡ್ಡಕನ ಬಾಯಿಗಿಡುತ್ತಿದ್ದ. ಟರ್ನರ್ ಬಾಯಿ ತೆರೆಯುತ್ತಿದ್ದ, ಅಗಿಯುತ್ತಿದ್ದ, ಮತ್ತೆ ತೆರೆಯುತ್ತಿದ್ದ. ಒಮ್ಮೊಮ್ಮೆ ಉಳಿದ ಕಣ್ಣಿನಿಂದ ಷಡ್ಡಕನ ಬೆರಳುಗಳನ್ನೇ ನೋಡುತ್ತಿದ್ದ. ಬೇಸಗೆ ಕಳೆದು ಮಳೆ ಬಿದ್ದು ನಿಲ್ಲುವ ತನಕ ಹೀಗೆಯೇ ನಡೆಯಿತು.

ಒಂದು ಸಂಜೆ ಊಟ ಮುಗಿಸಿ ಬ್ಯಾಟರಿ ಎದ್ದಾಗ ನಾದಿನಿ ಬಾಗಿಲ ತನಕ ಬಂದಳು. ಬಟ್ಟೆ ಸೋಪಿನಲ್ಲಿ ನೆನೆದು ಅವಳ ಕೈಗಳು ಬೆಳ್ಳಗೆ ಸುಕ್ಕಾಗಿದ್ದವು.

"ಭಾವ, ಒಂದು ಮಾತು. ತಪ್ಪು ತಿಳ್ಕೋಬೇಡಿ."

"ಹೇಳಮ್ಮ."

"ನೀವು ಇನ್ನು ಬರಬೇಡಿ."

ಅವನು ಚಪ್ಪಲಿ ಮೆಟ್ಟುತ್ತಿದ್ದವನು ಹಾಗೆಯೇ ನಿಂತ.

"ನಿಮ್ಮ ಮೇಲೆ ಅವರಿಗೆ ಸಿಟ್ಟಿಲ್ಲ" ಎಂದಳು. "ಸಿಟ್ಟಿದ್ರೆ ಚೆನ್ನಾಗಿತ್ತು, ಬೈದು ಹಗುರ ಆಗ್ತಿದ್ರು. ನೀವು ಬಂದು ಹೋದ ಮೇಲೆ ಗೋಡೆ ಕಡೆ ತಿರುಗಿ ಅಳ್ತಾರೆ. ನಂಗೆ ಕೇಳಿಸಬಾರದು ಅಂತ ದಿಂಬು ಕಚ್ಕೊಂಡು ಅಳ್ತಾರೆ. ಒರೆಸ್ಕೊಳ್ಳೋಕೂ ಕೈ ಇಲ್ಲ. ನಾನೇ ಹೋಗಿ ಒರೆಸಬೇಕು, ಒರೆಸಿದ್ರೆ ಇನ್ನೂ ಜಾಸ್ತಿ ಆಗುತ್ತೆ."

"ಅವನೇ ಹೇಳಿದ್ನಾ, ಬರಬೇಡ ಅಂತ?"

"ಅವರು ಹೇಳಲ್ಲ ಭಾವ. ನಿಮಗೆ ಅದನ್ನ ಅವರು ಯಾವತ್ತೂ ಹೇಳಲ್ಲ."

ಬ್ಯಾಟರಿ ಒಳಗೆ ಒಮ್ಮೆ ಇಣುಕಿದ. ಟರ್ನರ್ ಆಗಲೇ ಗೋಡೆಯ ಕಡೆ ತಿರುಗಿದ್ದ. ಅಂದಿನಿಂದ ಅವನು ಆ ಮನೆಗೆ ಹೋಗಲಿಲ್ಲ.

ಈಗ ಅಂಗಡಿಗಳ ಇನ್ವರ್ಟರ್ ಬ್ಯಾಟರಿಗಳಿಗೆ ನೀರು ತುಂಬುವುದು ಅವನ ಕೆಲಸ. ಪ್ರತಿ ಅಂಗಡಿಯಲ್ಲೂ ಮಾಲೀಕನನ್ನು ನಿಲ್ಲಿಸಿಕೊಂಡು, ಮೇನ್ ಆಫ್ ಮಾಡಿದರೂ ಇದು ಆಫ್ ಆಗುವುದಿಲ್ಲ, ಇದನ್ನು ಮುಟ್ಟಬೇಡಿ ಎಂದು ಹೇಳುತ್ತಾನಂತೆ. ಅವರು ಹೂಂ ಎಂದರೂ ಬಿಡದೆ ಮತ್ತೆ ಹೇಳುತ್ತಾನಂತೆ. ಕೆಲವರು ಈಗ ಬೇರೆ ಆಳನ್ನು ಕರೆಯುತ್ತಿದ್ದಾರೆ. ಕಾರ್ಖಾನೆಯ ಜಾಗದಲ್ಲಿ ಮುಳ್ಳುಗಿಡ ಬೆಳೆದಿದೆ. ಚಿಮಣಿಯನ್ನೂ ಬೀಳಿಸಿಯಾಯಿತು.

ಅವನ ಹೆಂಡತಿ ಮಾತ್ರ ದಿನವೂ ತಂಗಿಯ ಮನೆಗೆ ಹೋಗಿ ಬರುತ್ತಾಳೆ. ಬಂದವಳು ಗಂಡನಿಗೆ ಬಡಿಸುತ್ತಾಳೆ. ಅವನು ಏನೂ ಕೇಳುವುದಿಲ್ಲ. ಅವಳಾಗಿಯೇ ಏನಾದರೂ ಹೇಳಿದರೆ ಕೈ ತಟ್ಟೆಯಲ್ಲಿ ನಿಲ್ಲುತ್ತದೆ. ಮೊನ್ನೆ ನಮ್ಮ ಮನೆಯವಳು ಮೊಸರು ಕೊಡಲು ಹೋದಾಗ ಅವರ ಮಾತು ನಡೆದಿತ್ತು.

"ಇವತ್ತು ಎಡಗೈಲಿ ತಾವೇ ಲೋಟ ಹಿಡ್ಕೊಂಡ್ರು" ಎಂದಳು ಹೆಂಡತಿ.

"ಕುಡಿದ್ನಾ?"

"ಇಲ್ಲ, ಬಿತ್ತು."

ಅವನು ತಲೆಯಾಡಿಸಿ ಊಟ ಮುಂದುವರಿಸಿದ.